ಹಿತ್ತಲ ಕೋಳಿ: ಮರಿಯಿಂದ ಸಾರಿನವರೆಗೆ

ಹಿತ್ತಲಲ್ಲಿ ನಾಟಿ ಕೋಳಿ ಸಾಕುವುದು ಖರ್ಚಿಲ್ಲದ ಕೆಲಸವೆಂಬ ಮಾತು ಅರ್ಧ ಮಾತ್ರ ನಿಜ. ಬೆಳೆದ ಕೋಳಿ ತನ್ನ ಮೇವಿನ ಬಹುಪಾಲನ್ನು ತಾನೇ ಕೆದಕಿ ಹುಡುಕಿಕೊಳ್ಳುತ್ತದೆ. ಆದರೆ ಮೊಟ್ಟೆಯೊಡೆದು ಬಂದ ಮರಿ ಬೆಳೆದ ಕೋಳಿಯಾಗುವ ತನಕದ ಎರಡು ತಿಂಗಳಲ್ಲಿ ಶೀತ, ಕೊಕ್ಕರೆ ರೋಗ ಮತ್ತು ಮುಂಗುಸಿ ಈ ಮೂರೂ ಅದರ ಬೆನ್ನ ಹಿಂದೆಯೇ ಇರುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮರಿಗಳ ಆರೈಕೆಗೆ ಮತ್ತು ಲಸಿಕೆಗೆ ಹೆಚ್ಚು ಜಾಗ ಕೊಟ್ಟಿದೆ. ಅಡುಗೆಯ ಭಾಗವೂ ಸಾಕಣೆಯ ಮುಂದುವರಿಕೆಯೇ ಆಗಿದೆ, ಏಕೆಂದರೆ ಯಾವ ವಯಸ್ಸಿನ ಕೋಳಿಯನ್ನು ಒಲೆಗೆ ಏರಿಸುತ್ತೇವೆ ಎಂಬುದರ ಮೇಲೆಯೇ ಅದನ್ನು ಬೇಯಿಸುವ ಬಗೆ ನಿಂತಿದೆ.

ಯಾವ ಕೋಳಿ, ಎಷ್ಟು ಕೋಳಿ

ಮೊಟ್ಟಮೊದಲು ತೀರ್ಮಾನಿಸಬೇಕಾದದ್ದು ಕೋಳಿ ಮೊಟ್ಟೆಗೋ, ಮಾಂಸಕ್ಕೋ, ಅಥವಾ ತಾನೇ ಕಾವು ಕೂತು ಮರಿ ಮಾಡಿಕೊಂಡು ಹೋಗುವ ಹಿಂಡಿಗೋ ಎಂಬುದನ್ನು. ಅಪ್ಪಟ ನಾಟಿ ಹೇಂಟೆ ವರ್ಷಕ್ಕೆ ಹೆಚ್ಚೆಂದರೆ ಅರವತ್ತು ಎಪ್ಪತ್ತು ಮೊಟ್ಟೆ ಇಡುತ್ತದೆ, ನಿಧಾನವಾಗಿ ತೂಗುತ್ತದೆ, ಆದರೆ ಕಾವು ಕೂರುವುದರಲ್ಲಿ, ಮರಿ ಕಾಯುವುದರಲ್ಲಿ ಮತ್ತು ಹದ್ದಿನ ನೆರಳು ಕಂಡೊಡನೆ ಪೊದೆ ಸೇರುವುದರಲ್ಲಿ ಅದಕ್ಕೆ ಸಮನಾದ ತಳಿಯಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ ಬಣ್ಣದಲ್ಲಿ ನಾಟಿಯನ್ನು ಹೋಲುತ್ತದೆ, ಬೇಗ ತೂಗುತ್ತದೆ ಮತ್ತು ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡುತ್ತದೆ; ಅಲ್ಲಿಂದಲೇ ಬಂದ ಸ್ವರ್ಣಧಾರ ಮೊಟ್ಟೆಯಲ್ಲಿ ಇನ್ನೂ ಮುಂದು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮತ್ತು ಗ್ರಾಮಪ್ರಿಯ ತಳಿಗಳೂ ಕರ್ನಾಟಕದ ಹಳ್ಳಿಗಳಲ್ಲಿವೆ. ಈ ಸುಧಾರಿತ ತಳಿಗಳ ಹೇಂಟೆಗಳು ಕಾವಿಗೆ ಕೂರುವುದು ಅಪರೂಪ. ಅವುಗಳ ಮೊಟ್ಟೆಯಿಂದ ಮರಿ ಮಾಡಿಸಿದರೂ ಆ ಮರಿಗಳು ತಾಯಿಯಷ್ಟು ಮೊಟ್ಟೆ, ತಾಯಿಯಷ್ಟು ತೂಕ ಕೊಡುತ್ತವೆಂಬ ಭರವಸೆಯಿಲ್ಲ. ಆದ್ದರಿಂದ ಸುಧಾರಿತ ತಳಿ ಬೇಕೆನ್ನುವವರು ಪ್ರತಿ ಬಾರಿಯೂ ಮರಿ ಕೊಳ್ಳಬೇಕಾಗುತ್ತದೆ.

ಮೊದಲ ಸಲ ಸಾಕುವವರಿಗೆ ನನ್ನ ಸಲಹೆ, ಎಂಟು ಹತ್ತು ನಾಟಿ ಹೇಂಟೆ ಮತ್ತು ಒಂದು ಹುಂಜ. ಹುಂಜವನ್ನು ಬೇರೆ ಊರಿನಿಂದ ತಂದು, ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು, ಇಲ್ಲವಾದರೆ ಒಂದೇ ರಕ್ತದ ಮರಿಗಳು ತಲೆಮಾರಿನಿಂದ ತಲೆಮಾರಿಗೆ ಸಣಕಲಾಗುತ್ತಾ ಹೋಗುತ್ತವೆ. ಪಟ್ಟಣದಲ್ಲಿ, ಅಕ್ಕಪಕ್ಕ ಗೋಡೆ ಹಂಚಿಕೊಂಡ ಮನೆಗಳಲ್ಲಿ ಹುಂಜ ಬೇಡ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಅದು ಮರಿಯಾಗುವುದಿಲ್ಲ. ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಹಳೆಯ ಹಿಂಡಿನಿಂದ ದೂರ, ಬೇರೆ ನೀರು ಬೇರೆ ಮೇವಿನಲ್ಲಿ ಇಟ್ಟು ನೋಡಿಯೇ ಒಳಗೆ ಬಿಡಬೇಕು. ಊರಿನಲ್ಲಿ ರೋಗ ಕಾಣಿಸಿಕೊಂಡಾಗ ಉಳಿದ ಕೋಳಿಗಳನ್ನು ಅವಸರದಲ್ಲಿ ಸಂತೆಗೆ ಸಾಗಿಸುವ ರೂಢಿ ಇರುವುದರಿಂದ, ಅಗ್ಗಕ್ಕೆ ಸಿಕ್ಕ ಕೋಳಿಯ ಬಗ್ಗೆ ಅನುಮಾನವಿರುವುದೇ ಲೇಸು.

ರಾತ್ರಿಯ ಗೂಡು

ಹಗಲೆಲ್ಲ ಬಯಲಲ್ಲಿ ಮೇಯುವ ಕೋಳಿಗೆ ಗೂಡು ಬೇಕಾಗಿರುವುದು ರಾತ್ರಿಗೆ ಮತ್ತು ಮೊಟ್ಟೆಗೆ. ಒಂದು ಕೋಳಿಗೆ ಒಂದೂವರೆಯಿಂದ ಎರಡು ಚದರ ಅಡಿ ಜಾಗವಿದ್ದರೆ ಸಾಕು, ಆದರೆ ಗೂಡು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಕಂಬಗಳ ಮೇಲಿರಲಿ. ತಳಕ್ಕೆ ಅಡಿಕೆ ದಬ್ಬೆ ಅಥವಾ ಬಿದಿರಿನ ಸೀಳುಗಳನ್ನು ಬೆರಳು ತೂರುವಷ್ಟು ಸಂದು ಬಿಟ್ಟು ಹೊಡೆದರೆ ಹಿಕ್ಕೆ ಕೆಳಗೆ ಉದುರಿ ಗೂಡು ಒಣಗಿರುತ್ತದೆ, ಉದುರಿದ್ದು ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗೆ ಮಾಡಿನ ಚಾಚು ಎರಡು ಅಡಿಯಾದರೂ ಇರಬೇಕು. ಬಯಲುಸೀಮೆಯಲ್ಲಿ ತಗಡಿನ ಮಾಡು ಬೇಸಿಗೆಯಲ್ಲಿ ಕಾದು ಕೋಳಿಗಳನ್ನು ಕೊಲ್ಲಬಹುದಾದ್ದರಿಂದ ಹೆಂಚು ಅಥವಾ ತಗಡಿನ ಮೇಲೆ ತೆಂಗಿನ ಗರಿ ಹೊದಿಸುವುದು ಸೂಕ್ತ. ಗೂಡಿನ ಉದ್ದ ಪೂರ್ವ ಪಶ್ಚಿಮವಾಗಿದ್ದರೆ ಮಧ್ಯಾಹ್ನದ ಬಿಸಿಲು ಒಳಗೆ ಬೀಳುವುದು ಕಡಿಮೆ.

ಪಕ್ಕದ ಗೋಡೆಗಳಿಗೆ ಅಂಗಡಿಯಲ್ಲಿ ಕೋಳಿ ಜಾಲರಿಯೆಂದು ಮಾರುವ ತೆಳು ತಂತಿಯ ಬಲೆಯನ್ನು ಹಾಕುವುದು ಸಾಮಾನ್ಯ, ಆದರೆ ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಕಾಡುಬೆಕ್ಕನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿನ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿಯೇ ಬೇಕು. ಮುಂಗುಸಿ ಮತ್ತು ಹೆಗ್ಗಣ ನುಸುಳಲು ನಾವು ನಂಬದಷ್ಟು ಸಣ್ಣ ಕಿಂಡಿ ಸಾಕಾಗುತ್ತದೆ. ಬಾಗಿಲಿನ ಚಿಲಕವನ್ನು ಸೂರ್ಯ ಮುಳುಗಿದ ಕೂಡಲೇ ಹಾಕುವ ಕೆಲಸ ಮನೆಯಲ್ಲಿ ಒಬ್ಬರದ್ದೇ ಆಗಿರಲಿ. ಎಲ್ಲರದ್ದೂ ಆದ ಕೆಲಸ ಒಂದಲ್ಲ ಒಂದು ದಿನ ಯಾರದ್ದೂ ಅಲ್ಲದೆ ಉಳಿಯುತ್ತದೆ, ಮುಂಗುಸಿಗೆ ಆ ಒಂದು ರಾತ್ರಿ ಸಾಕು. ಮೊಟ್ಟೆ ಇಡಲು ಐದು ಹೇಂಟೆಗೆ ಒಂದರಂತೆ ಹುಲ್ಲು ಹಾಕಿದ ಬುಟ್ಟಿಗಳನ್ನು ಮಬ್ಬು ಬೆಳಕಿನ ಮೂಲೆಯಲ್ಲಿ ಇಡಬೇಕು.

ಕಾವಿಗೆ ಕೂರಿಸುವುದು

ಹೇಂಟೆ ಬುಟ್ಟಿ ಬಿಟ್ಟೇಳದೆ, ಹತ್ತಿರ ಹೋದರೆ ಪುಕ್ಕ ಕೆದರಿ ಗುರುಗುಟ್ಟಲು ತೊಡಗಿದರೆ ಕಾವಿಗೆ ಬಂದಿದೆಯೆಂದು ತಿಳಿಯಬೇಕು. ಮೈಗಾತ್ರ ನೋಡಿ ಹತ್ತರಿಂದ ಹನ್ನೆರಡು ಮೊಟ್ಟೆ ಇಟ್ಟರೆ ಸಾಕು. ಹೆಚ್ಚು ಇಟ್ಟರೆ ಅಂಚಿನ ಮೊಟ್ಟೆಗಳು ಸರದಿಯಂತೆ ತಣ್ಣಗಾಗಿ, ಕೊನೆಗೆ ಎಲ್ಲದಕ್ಕೂ ಪೆಟ್ಟು ಬೀಳುತ್ತದೆ. ಮೊಟ್ಟೆಗಳು ವಾರದೊಳಗಿನವು, ಬಿರುಕಿಲ್ಲದವು, ಮಧ್ಯಮ ಗಾತ್ರದವು ಆಗಿರಲಿ. ಕೂಡಿಡುವಾಗ ಚೂಪು ತುದಿ ಕೆಳಗೆ ಮಾಡಿ ತಂಪಾದ ಕೋಣೆಯಲ್ಲಿಡಬೇಕೇ ಹೊರತು ಫ್ರಿಜ್ಜಿನಲ್ಲಿ ಅಲ್ಲ. ಬುಟ್ಟಿಯ ತಳಕ್ಕೆ ಮರಳು ಅಥವಾ ಒಲೆಯ ಬೂದಿ, ಮೇಲೆ ಒಣಹುಲ್ಲು, ನಡುವೆ ಒಂದು ಹಿಡಿ ಬೇವಿನ ಸೊಪ್ಪು ಹಾಕಿದರೆ ಹೇನಿನ ಕಾಟ ತಗ್ಗುತ್ತದೆ. ಕಾವಿನ ಹೇಂಟೆಗೆ ಹೇನು ಹತ್ತಿದರೆ ಅದು ಮೊಟ್ಟೆ ಬಿಟ್ಟು ಎದ್ದುಹೋಗುವುದುಂಟು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಬುಟ್ಟಿಯಲ್ಲಿ ಕಬ್ಬಿಣದ ತುಂಡು ಇಡುವ ರೂಢಿಯಿದೆ. ಇಟ್ಟರೆ ನಷ್ಟವೇನಿಲ್ಲ, ಆದರೆ ಗುಡುಗಿನ ಹಿಂದೆ ಬರುವ ಮಳೆಯ ಇರಚಲು ಬುಟ್ಟಿಗೆ ತಾಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಮುಖ್ಯ.

ಇಟ್ಟ ಮೊಟ್ಟೆಗಳಿಗೆ ಇದ್ದಿಲಿನಿಂದ ಗುರುತು ಹಾಕಬೇಕು, ಏಕೆಂದರೆ ಬೇರೆ ಹೇಂಟೆಗಳು ಅದೇ ಬುಟ್ಟಿಗೆ ಬಂದು ಹೊಸ ಮೊಟ್ಟೆ ಇಟ್ಟು ಹೋಗುತ್ತವೆ. ಏಳನೆಯ ದಿನ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆಯನ್ನು ಹಿಡಿದು ನೋಡಿದರೆ, ಜೀವ ಕಟ್ಟಿದ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಅದರಿಂದ ಹರಡಿದ ಕೆಂಪು ಎಳೆಗಳೂ ಕಾಣುತ್ತವೆ. ಏನೂ ಕಾಣದೆ ತಿಳಿಯಾಗಿರುವುದನ್ನು ತೆಗೆದುಬಿಡಬೇಕು. ಹೇಂಟೆ ದಿನಕ್ಕೊಮ್ಮೆ ಎದ್ದು ಮೇವು ನೀರು ಮುಗಿಸಿ ಬರುತ್ತದೆ, ಅದಕ್ಕಾಗಿ ಕಾಳು ಮತ್ತು ನೀರು ಹತ್ತಿರದಲ್ಲೇ ಇರಲಿ. ಇಪ್ಪತ್ತೊಂದನೆಯ ದಿನ ಮರಿ ಹೊರಬರುತ್ತದೆ. ಕೊನೆಯ ಮೂರು ದಿನ ಮೊಟ್ಟೆಗಳನ್ನು ಮುಟ್ಟಬಾರದು, ಚಿಪ್ಪೊಡೆಯಲು ಮರಿಗೆ ಸಹಾಯ ಮಾಡಲೂ ಹೋಗಬಾರದು.

ಮೊದಲ ಆರು ವಾರ

ತಾಯಿ ಇರುವ ಮರಿಗಳಿಗೆ ಕಾವಿನ ಚಿಂತೆಯಿಲ್ಲ, ಹದ್ದು ಮತ್ತು ಕಾಗೆಯ ಚಿಂತೆ ಮಾತ್ರ. ಮೊದಲ ಎರಡು ಮೂರು ವಾರ ತಾಯಿಯನ್ನೂ ಮರಿಗಳನ್ನೂ ದೊಡ್ಡ ಮಂಕರಿಯ ಕೆಳಗೆ ಅಥವಾ ಜಾಲರಿ ಹಾಕಿದ ಅಂಗಳದಲ್ಲಿ ಇಟ್ಟು, ಬಿಸಿಲೇರಿದ ಮೇಲೆ ಸ್ವಲ್ಪ ಹೊತ್ತು ಮಾತ್ರ ಹೊರಗೆ ಬಿಟ್ಟರೆ ಬದುಕುವ ಮರಿಗಳ ಸಂಖ್ಯೆಯಲ್ಲಿ ಎದ್ದು ಕಾಣುವ ವ್ಯತ್ಯಾಸವಾಗುತ್ತದೆ.

ಕೊಂಡು ತಂದ ಒಂದು ದಿನದ ಮರಿಗಳಿಗೆ ಕೃತಕ ಕಾವು ಬೇಕು. ತಗಡು ಅಥವಾ ರಟ್ಟಿನಿಂದ ಒಂದೂವರೆ ಅಡಿ ಎತ್ತರದ ದುಂಡನೆಯ ಆವರಣ ಮಾಡಿ, ಮೂಲೆಯಿರದಂತೆ ನೋಡಿಕೊಳ್ಳಬೇಕು, ಮೂಲೆಯಿದ್ದರೆ ಚಳಿಗೆ ಮರಿಗಳು ಅಲ್ಲಿ ಒಂದರ ಮೇಲೊಂದು ಒತ್ತಿ ಕೆಳಗಿನವು ಸಾಯುತ್ತವೆ. ನೆಲಕ್ಕೆ ಎರಡು ಮೂರು ಇಂಚು ಭತ್ತದ ಹೊಟ್ಟು ಹರಡಿ, ಮೊದಲ ಮೂರು ದಿನ ಮೇಲೆ ಸುದ್ದಿಪತ್ರಿಕೆ ಹಾಸಬೇಕು. ಒಂದು ಮರಿಗೆ ಎರಡು ವ್ಯಾಟ್ ಲೆಕ್ಕದಲ್ಲಿ ತಂತಿ ಉರಿಯುವ ಹಳೆಯ ಬಗೆಯ ಬಲ್ಬು ಬೇಕು. ಈಗ ಮನೆಗಳಲ್ಲಿರುವ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಮರಿಗೆ ಬೇಕಾದ ಶಾಖ ಕೊಡುವುದಿಲ್ಲ. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ಅನಂತರ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಉಷ್ಣಮಾಪಕ ಇಲ್ಲದಿದ್ದರೂ ಮರಿಗಳ ನಡತೆಯೇ ಸಾಕು: ಬಲ್ಬಿನ ಕೆಳಗೆ ಮುದ್ದೆಯಾಗಿ ಕೂತು ಚೀರಿದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಒಂದೇ ಬದಿಗೆ ಸೇರಿದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಆವರಣದ ತುಂಬ ಹರಡಿಕೊಂಡು ಮೇಯುತ್ತಿದ್ದರೆ ಶಾಖ ಸರಿಯಾಗಿದೆ. ಕರೆಂಟು ಹೋದಾಗ ಕೆಂಡದ ಮಡಕೆ ಇಡುವವರು ಕಿಟಕಿ ತೆರೆದಿರಬೇಕು, ಮುಚ್ಚಿದ ಕೋಣೆಯಲ್ಲಿ ಕೆಂಡದ ವಿಷಗಾಳಿ ಮರಿಯನ್ನಷ್ಟೇ ಅಲ್ಲ ಮನುಷ್ಯರನ್ನೂ ಕೊಲ್ಲುತ್ತದೆ.

ದೂರದಿಂದ ಬಂದ ಮರಿಗಳಿಗೆ ಮೊದಲು ಬೆಲ್ಲದ ನೀರು, ಒಂದೆರಡು ಗಂಟೆಯ ನಂತರ ತರಿಯಾಗಿ ಒಡೆದ ಮುಸುಕಿನ ಜೋಳ ಅಥವಾ ನುಚ್ಚು. ಅಗಲ ಬಾಯಿಯ ಬಟ್ಟಲಿನಲ್ಲಿ ನೀರಿಟ್ಟರೆ ಸಣ್ಣ ಕಲ್ಲುಗಳನ್ನು ಹಾಕಿಡಬೇಕು, ಇಲ್ಲವಾದರೆ ಮರಿ ಬಿದ್ದು ಒದ್ದೆಯಾಗಿ ಸಾಯುತ್ತದೆ. ಎರಡನೆಯ ದಿನದಿಂದ ಮರಿಗಳ ಸಿದ್ಧ ಆಹಾರವನ್ನೇ ಕೊಡುವುದು ಒಳ್ಳೆಯದು. ಈ ಆರು ವಾರದಲ್ಲಿ ಉಳಿಸಿದ ಹಣ ಮುಂದೆ ತೂಕದಲ್ಲಿ ನಷ್ಟವಾಗಿ ಹೊರಬರುತ್ತದೆ. ಮಳೆಗಾಲದಲ್ಲಿ ಹೊಟ್ಟು ಒದ್ದೆಯಾಗಿ ಗಡ್ಡೆ ಕಟ್ಟಿದರೆ ರಕ್ತಭೇದಿ ಬರುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಹೊಟ್ಟು ಬದಲಿಸಿ, ಪಶುವೈದ್ಯರಿಂದ ಔಷಧಿ ತಂದು ನೀರಿಗೆ ಬೆರೆಸಬೇಕು.

ಲಸಿಕೆ: ಬಿಡಬಾರದ ಹೆಜ್ಜೆ

ನಾಟಿ ಕೋಳಿಗೆ ರೋಗ ಬರುವುದಿಲ್ಲ ಎಂಬ ನಂಬಿಕೆಯೇ ಹಿತ್ತಲ ಸಾಕಣೆಗೆ ದೊಡ್ಡ ಶತ್ರು. ರಾಣಿಖೇತ್, ನಮ್ಮ ಕಡೆಯ ಮಾತಿನಲ್ಲಿ ಕೊಕ್ಕರೆ ರೋಗ, ಬಂದರೆ ಹಸಿರು ಬಿಳಿ ಭೇದಿ, ಗೊರಗೊರ ಉಸಿರು, ತಿರುಚಿದ ಕತ್ತು, ಜೋತ ರೆಕ್ಕೆ ಕಾಣಿಸಿಕೊಂಡು ನಾಲ್ಕಾರು ದಿನದಲ್ಲಿ ಗೂಡು ಖಾಲಿಯಾಗಬಹುದು. ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಬಾರದಂತೆ ತಡೆಯುವ ಲಸಿಕೆಯೋ ತೀರ ಅಗ್ಗ.

ಕ್ರಮ ಹೀಗಿದೆ. ಐದರಿಂದ ಏಳನೆಯ ದಿನದೊಳಗೆ ರಾಣಿಖೇತಿನ ಎಫ್ ಅಥವಾ ಲಸೋಟ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಅಥವಾ ಮೂಗಿಗೆ ಬಿಡಬೇಕು. ಎರಡನೆಯ ವಾರದ ಕೊನೆಗೆ ಗಂಬೋರೊ ಎಂಬ ವೈರಸ್ ರೋಗದ ಲಸಿಕೆ. ನಾಲ್ಕನೆಯ ವಾರ ಲಸೋಟ ಮತ್ತೊಮ್ಮೆ. ಆರೇಳನೆಯ ವಾರ ಸಿಡುಬಿನ ಲಸಿಕೆ, ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚುವುದು. ಎಂಟರಿಂದ ಹತ್ತನೆಯ ವಾರದೊಳಗೆ ರಾಣಿಖೇತಿನ ಆರ್‌2ಬಿ ಚುಚ್ಚುಮದ್ದು. ಇಷ್ಟೂ ಆಗದವರು ಮೊದಲನೆಯದನ್ನೂ ಕೊನೆಯದನ್ನೂ ಯಾವ ಕಾರಣಕ್ಕೂ ಬಿಡಬಾರದು. ಪ್ರದೇಶಕ್ಕೆ ತಕ್ಕಂತೆ ದಿನಗಳಲ್ಲಿ ಸಣ್ಣ ಹೊಂದಾಣಿಕೆ ಇರುವುದರಿಂದ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ತೊಡಕು ಇರುವುದು ಬೆಲೆಯಲ್ಲಲ್ಲ, ಸೀಸೆಯ ಗಾತ್ರದಲ್ಲಿ. ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಲೇಬೇಕು. ಹತ್ತು ಮರಿ ಇರುವವರಿಗೆ ಇದು ದಂಡವೆನಿಸುತ್ತದೆ. ಇದಕ್ಕೆ ಪರಿಹಾರ ಕೇರಿಯ ಏಳೆಂಟು ಮನೆಯವರು ಒಟ್ಟಾಗುವುದು: ಒಂದೇ ವಾರದಲ್ಲಿ ಮರಿ ಮಾಡಿಸಿ, ಒಂದೇ ದಿನ ಒಂದೇ ಸೀಸೆ ತಂದು, ಬೆಳಗಿನ ತಂಪಿನಲ್ಲಿ ಮನೆಯಿಂದ ಮನೆಗೆ ಹೋಗಿ ಹನಿ ಹಾಕಿ ಮುಗಿಸುವುದು. ಹೀಗೆ ಮಾಡಿದರೆ ಪಕ್ಕದ ಮನೆಯ ಹಿಂಡಿನಿಂದ ರೋಗ ಬರುವ ದಾರಿಯೂ ಮುಚ್ಚುತ್ತದೆ. ಸೀಸೆಯನ್ನು ತರುವಾಗ ಐಸ್ ತುಂಬಿದ ಫ್ಲಾಸ್ಕಿನಲ್ಲೇ ತರಬೇಕು. ಅಂಗಿಯ ಜೇಬಿನಲ್ಲಿ ಬಸ್ಸು ಹತ್ತಿ ಬಂದ ಲಸಿಕೆ ಸತ್ತ ಲಸಿಕೆ. ಆಗಲೇ ಸೊರಗಿರುವ ಕೋಳಿಗೆ ಲಸಿಕೆ ಹಾಕಬಾರದು. ಜಂತುನಾಶಕವನ್ನು ಮೂರು ತಿಂಗಳಿಗೊಮ್ಮೆ, ಲಸಿಕೆಗೆ ಒಂದು ವಾರ ಮುಂಚೆ ಕೊಟ್ಟರೆ ಲಸಿಕೆಯ ಫಲ ಚೆನ್ನಾಗಿರುತ್ತದೆ.

ಒಮ್ಮೆಲೇ ಹಲವು ಕೋಳಿ ಸತ್ತರೆ, ಜುಟ್ಟು ನೀಲಿಗಟ್ಟಿದರೆ, ಮುಖ ಊದಿದರೆ ಹಕ್ಕಿಜ್ವರದ ಸಂಶಯವಿಟ್ಟುಕೊಳ್ಳಬೇಕು. 2012ರಲ್ಲಿ ಹೆಸರಘಟ್ಟದಲ್ಲಿ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಅದು ದೃಢಪಟ್ಟಿತ್ತು. ಅಂಥ ಸಾವು ಕಂಡಾಗ ಕೋಳಿಯನ್ನು ಬರಿಗೈಯಲ್ಲಿ ಮುಟ್ಟದೆ, ಕೊಯ್ಯದೆ, ಮಾರದೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಪಶುವೈದ್ಯರಿಗೆ ತಿಳಿಸಬೇಕು.

ಮೇವು

ಬಿಟ್ಟು ಮೇಯಿಸಿದ ಕೋಳಿಗೆ ಹುಳು, ಹುಲ್ಲಿನ ಬೀಜ, ಚಿಗುರು ತಾನಾಗಿ ಸಿಗುತ್ತವೆ. ನಾವು ಕೊಡಬೇಕಾದದ್ದು ಸಂಜೆ ಒಂದು ಕೋಳಿಗೆ ಐವತ್ತು ಗ್ರಾಮಿನಷ್ಟು ಕಾಳು: ರಾಗಿ, ಒಡೆದ ಜೋಳ, ಅಕ್ಕಿ ನುಚ್ಚು, ತೌಡು ಮನೆಯಲ್ಲಿ ಏನಿದೆಯೋ ಅದು. ಬೆಳಿಗ್ಗೆ ಹೊಟ್ಟೆ ತುಂಬಿಸಿದರೆ ಕೋಳಿ ಮೇಯಲು ಹೋಗುವುದಿಲ್ಲ. ಸಂಜೆ ಕೊಟ್ಟರೆ ಗೂಡಿಗೆ ಮರಳುವ ಅಭ್ಯಾಸವೂ ಆಗುತ್ತದೆ. ಬೂಷ್ಟು ಹಿಡಿದ ಜೋಳ ಮತ್ತು ಕಡಲೆಕಾಯಿ ಹಿಂಡಿ ಕೋಳಿಯ ಯಕೃತ್ತನ್ನು ಹಾಳುಮಾಡುವ ವಿಷ, ಅದನ್ನು ತೊಳೆದು ಒಣಗಿಸಿದರೂ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಹುಳು ಕಡಿಮೆಯಾದಾಗ ಹಳೆಯ ಮಡಕೆಯೊಳಗೆ ಒದ್ದೆ ಸಗಣಿ, ಗೋಣಿಚೂರು ತುಂಬಿ ಗೆದ್ದಲಿರುವ ಜಾಗದಲ್ಲಿ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಮರಿಗಳಿಗೆ ಬೇಕಾದಷ್ಟು ಗೆದ್ದಲು ಸೇರಿರುತ್ತದೆ. ಮೊಟ್ಟೆ ಇಡುವ ಹೇಂಟೆಗೆ ಸುಣ್ಣದಂಶ ಬೇಕು. ಮೊಟ್ಟೆಯ ಚಿಪ್ಪನ್ನು ಹುರಿದು ನುಣ್ಣಗೆ ಪುಡಿ ಮಾಡಿ ಕೊಡಬೇಕು, ಚಿಪ್ಪಿನ ಆಕಾರ ಉಳಿದರೆ ಕೋಳಿ ತನ್ನ ಮೊಟ್ಟೆಯನ್ನೇ ಕುಕ್ಕಲು ಕಲಿಯುತ್ತದೆ. ಬಿತ್ತನೆಗೆ ಔಷಧಿ ಸವರಿದ ಬೀಜ ಚೆಲ್ಲಿದ ಹೊಲಕ್ಕೆ, ಹೊಸದಾಗಿ ಸಿಂಪಡಿಸಿದ ತೋಟಕ್ಕೆ ಕೋಳಿ ಹೋಗದಂತೆ ಕೆಲವು ದಿನ ಕೂಡಿಹಾಕುವುದು ಅನಿವಾರ್ಯ.

ಕೊಯ್ಯುವ ವಯಸ್ಸು ಮತ್ತು ವಿಧಾನ

ನಾಟಿ ಹುಂಜದ ಮರಿ ನಾಲ್ಕೈದು ತಿಂಗಳಿಗೆ ಒಂದು ಕಿಲೋ ದಾಟಿದಾಗ ಹುರಿಯಲೂ ಸಾರಿಗೂ ಹದವಾಗಿರುತ್ತದೆ. ಇನ್ನೂ ಮೊಟ್ಟೆಗೆ ಬಾರದ ಯಾಟೆಯ ಸಾರು ಅದಕ್ಕಿಂತಲೂ ರುಚಿಯೆಂಬುದು ನನ್ನ ಅಭಿಪ್ರಾಯ, ಆದರೆ ಹಿಂಡು ಬೆಳೆಸುವವರು ಯಾಟೆಯನ್ನು ಕೊಯ್ಯುವುದು ಬಿತ್ತನೆ ಬೀಜವನ್ನು ಉಂಡಂತೆ. ಮೊಟ್ಟೆ ಕಡಿಮೆಯಾದ ಎರಡು ಮೂರು ವರ್ಷದ ಹೇಂಟೆ ಗಟ್ಟಿ, ಆದರೆ ಅದರ ಸಾರಿನ ರಸಕ್ಕೆ ಎಳೆ ಕೋಳಿಯ ಸಾರು ಸಾಟಿಯಿಲ್ಲ. ಔಷಧಿ ಕೊಟ್ಟಿದ್ದ ಕೋಳಿಯಾದರೆ ಎಷ್ಟು ದಿನ ಬಿಟ್ಟು ತಿನ್ನಬಹುದೆಂದು ವೈದ್ಯರನ್ನು ಕೇಳಿರಬೇಕು. ಕಾಯಿಲೆಯ ಕೋಳಿಯನ್ನು ಸಾಯುವ ಮುನ್ನ ಕೊಯ್ದು ತಿನ್ನುವ ಅಭ್ಯಾಸವನ್ನು ಬಿಟ್ಟೇಬಿಡಬೇಕು.

ಹಿಂದಿನ ರಾತ್ರಿಯಿಂದ ಮೇವು ಕೊಡದೆ ನೀರು ಮಾತ್ರ ಇಟ್ಟಿದ್ದರೆ ಒಳಗು ಶುಚಿ ಮಾಡುವುದು ಸುಲಭ. ಅಟ್ಟಾಡಿಸಿ ಹಿಡಿದ ಕೋಳಿಯ ಮಾಂಸ ಬಿರುಸಾಗುವುದರಿಂದ ಗೂಡಿನಲ್ಲಿರುವಾಗಲೇ ಮೆಲ್ಲಗೆ ಹಿಡಿದಿಟ್ಟುಕೊಳ್ಳಬೇಕು. ಅವರವರ ಪದ್ಧತಿಯಂತೆ, ಆದರೆ ಹರಿತವಾದ ಕತ್ತಿಯಿಂದ ಒಂದೇ ಸಲಕ್ಕೆ ಕೊಯ್ದು, ತಲೆ ಕೆಳಗಾಗಿ ಹಿಡಿದು ರಕ್ತ ಪೂರ್ತಿ ಇಳಿಯಲು ಎರಡು ಮೂರು ನಿಮಿಷ ಬಿಡಬೇಕು. ಪುಕ್ಕ ಕೀಳಲು ಕುದಿಯುವ ನೀರು ಬೇಡ, ಅದರಲ್ಲಿ ಚರ್ಮ ಬೆಂದು ಹರಿಯುತ್ತದೆ. 60ರಿಂದ 65 ಡಿಗ್ರಿಯ ನೀರಿನಲ್ಲಿ, ಅಂದರೆ ಬೆರಳನ್ನು ಅದ್ದಿದ ಕೂಡಲೇ ಹಿಂತೆಗೆಯುವಷ್ಟು ಬಿಸಿಯಲ್ಲಿ, ಒಂದು ನಿಮಿಷದ ಹತ್ತಿರ ಮುಳುಗಿಸಿದರೆ ಪುಕ್ಕ ಸಲೀಸಾಗಿ ಬರುತ್ತದೆ. ಅನಂತರ ಒಣ ತೆಂಗಿನ ಗರಿಯ ಅಥವಾ ಹುಲ್ಲಿನ ಉರಿಯಲ್ಲಿ ತಿರುಗಿಸಿ ಸಣ್ಣ ರೋಮ ಸುಟ್ಟು, ಅರಿಸಿನ ಬಳಿದು ಉಜ್ಜಿ ತೊಳೆಯಬೇಕು. ನಾಟಿ ಕೋಳಿ ಸಾರಿನ ಆ ಸುಟ್ಟ ಘಮ ಬರುವುದು ಈ ಹಂತದಿಂದ, ಆದ್ದರಿಂದ ಚರ್ಮ ಸುಲಿದು ಬಿಸಾಡಿದವರ ಸಾರಿಗೆ ಅದು ಬರುವುದಿಲ್ಲ.

ಒಳಗು ತೆಗೆಯುವಾಗ ಯಕೃತ್ತಿಗೆ ಅಂಟಿದ ಹಸಿರು ಪಿತ್ತಕೋಶ ಒಡೆಯದಂತೆ ಎಚ್ಚರವಿರಲಿ, ಒಡೆದರೆ ತಾಗಿದ ಭಾಗವೆಲ್ಲ ಕಹಿ. ಬಾಲದ ಮೇಲಿನ ಎಣ್ಣೆಯ ಗ್ರಂಥಿಯನ್ನೂ, ಕೊರಳಿನ ಮೇವಿನ ಚೀಲವನ್ನೂ ತೆಗೆಯಬೇಕು. ಹೇಂಟೆಯ ಹೊಟ್ಟೆಯಲ್ಲಿ ಸಿಗುವ ಎಳೆ ಮೊಟ್ಟೆಯ ಗೊಂಚಲನ್ನು ಬೇರೆ ಇಟ್ಟುಕೊಳ್ಳಿ. ಕೊಯ್ದ ಕೋಳಿ ಸ್ವಲ್ಪ ಹೊತ್ತಿನಲ್ಲೇ ಸೆಟೆಯುತ್ತದೆ. ಆ ಸೆಟೆತದ ನಡುವೆ ಬೇಯಿಸಿದರೆ ಮಾಂಸ ರಬ್ಬರಿನಂತಾಗುತ್ತದೆ. ಒಂದೋ ಕೊಯ್ದ ಕೂಡಲೇ ಒಲೆಗೆ ಏರಿಸಬೇಕು, ಇಲ್ಲವೇ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟು ಮರುದಿನ ಬೇಯಿಸಬೇಕು. ಪುಕ್ಕ ಮತ್ತು ಕರುಳನ್ನು ಸುಣ್ಣ ಹಾಕಿ ಆಳದ ಗುಂಡಿಯಲ್ಲಿ ಮುಚ್ಚಬೇಕು. ಹಸಿಯಾಗಿ ನಾಯಿಗೆ ಎಸೆದರೆ ಅದು ಮುಂದೆ ಗೂಡಿನ ಕೋಳಿಗೇ ಬಾಯಿ ಹಾಕುತ್ತದೆ.

ಸಾರು

ಒಂದು ಕಿಲೋ ಮಾಂಸಕ್ಕೆ ಎರಡು ಹಿಡಿ ಸಣ್ಣ ಈರುಳ್ಳಿ ಹೆಚ್ಚಿ, ಎರಡು ಚಮಚ ಎಣ್ಣೆಯಲ್ಲಿ ಬಾಡಿಸಿ, ಮಾಂಸ, ಅರಿಸಿನ, ಉಪ್ಪು ಹಾಕಿ ತನ್ನ ನೀರು ಬಿಟ್ಟು ಅದು ಇಂಗುವ ತನಕ ಹುರಿಯಬೇಕು. ಕೋಳಿಯ ಹಳದಿ ಕೊಬ್ಬನ್ನು ತೆಗೆಯದೆ ಇದೇ ಹಂತದಲ್ಲಿ ಸೇರಿಸಿದರೆ ಎಣ್ಣೆ ಇನ್ನೂ ಕಡಿಮೆ ಸಾಕು. ಬಳಿಕ ಬಿಸಿ ನೀರು ಹಾಕಿ ಬೇಯಿಸಬೇಕು: ಎಳೆಯ ಹುಂಜವಾದರೆ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ, ಹಳೆಯ ಹೇಂಟೆಯಾದರೆ ಕುಕ್ಕರಿನಲ್ಲಿ ಎಂಟು ಹತ್ತು ಕೂಗು. ಹಳೆಯ ಕೋಳಿಗೆ ಮೊದಲೇ ಮಸಾಲೆ ಹಾಕಿದರೆ ಮಾಂಸ ಬೇಯುವ ಹೊತ್ತಿಗೆ ಮಸಾಲೆಯ ಘಮ ಹಾರಿಹೋಗಿರುತ್ತದೆ.

ಮಸಾಲೆಗೆ ಮೂರು ಚಮಚ ಧನಿಯ, ಆರು ಬ್ಯಾಡಗಿ ಮತ್ತು ಮೂರು ಗುಂಟೂರು ಮೆಣಸಿನಕಾಯಿ, ಒಂದು ಚಮಚ ಕಾಳುಮೆಣಸು, ಚೂರು ಚಕ್ಕೆ, ನಾಲ್ಕು ಲವಂಗ, ಒಂದು ಚಮಚ ಗಸಗಸೆ ಇವನ್ನು ಹದವಾಗಿ ಹುರಿದು, ಕೆಂಡದಲ್ಲಿ ಸುಟ್ಟ ಒಂದು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಶುಂಠಿ, ಅರ್ಧ ಹೋಳು ತೆಂಗಿನಕಾಯಿ, ಒಂದು ಚಮಚ ಹುರಿಗಡಲೆ, ಹಿಡಿ ಕೊತ್ತಂಬರಿ ಸೊಪ್ಪಿನೊಂದಿಗೆ ನುಣ್ಣಗೆ ರುಬ್ಬಬೇಕು. ಬೆಂದ ಮಾಂಸಕ್ಕೆ ಇದನ್ನು ಸೇರಿಸಿ, ಸಾರು ತೆಳ್ಳಗಿರುವಂತೆ ನೀರು ಹಿಡಿಸಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿದರೆ ಮೇಲೆ ಎಣ್ಣೆ ತೇಲುತ್ತದೆ. ಯಕೃತ್ತು ಮತ್ತು ಎಳೆ ಮೊಟ್ಟೆಗಳನ್ನು ಕೊನೆಯ ಹತ್ತು ನಿಮಿಷಕ್ಕೆ ಹಾಕಿದರೆ ಗಟ್ಟಿಯಾಗುವುದಿಲ್ಲ. ಟೊಮೇಟೊ ಹಾಕುವವರಿದ್ದಾರೆ, ನಾಟಿ ಕೋಳಿಗೆ ಆ ಹುಳಿ ಬೇಕಾಗಿಲ್ಲ, ಬಡಿಸುವಾಗ ನಿಂಬೆಹೋಳು ಸಾಕು.

ಮಂಡ್ಯ, ಹಾಸನದ ಕಡೆ ಇದು ರಾಗಿಮುದ್ದೆಯ ಜೊತೆ, ಯುಗಾದಿಯ ಮರುದಿನದ ಹೊಸತೊಡಕಿಗಂತೂ ತಪ್ಪದೆ. ಮಲೆನಾಡಿನಲ್ಲಿ ಅಕ್ಕಿ ಕಡುಬಿಗೆ ಇದೇ ಸಾರನ್ನು ಕಾಳುಮೆಣಸು ಹೆಚ್ಚಿಸಿ ಮಾಡುತ್ತಾರೆ. ದಕ್ಷಿಣ ಕನ್ನಡದ ಕೋರಿ ರೊಟ್ಟಿಗೆ ಮಾಡುವಾಗ ಧನಿಯ ಮೆಣಸಿನ ಜೊತೆ ಜೀರಿಗೆ, ಸ್ವಲ್ಪ ಮೆಂತ್ಯ ಹುರಿದು ರುಬ್ಬಿ, ಇಳಿಸುವ ಮುನ್ನ ತೆಂಗಿನ ಹಾಲು ಸೇರಿಸಬೇಕು. ಹಾಲು ಹಾಕಿದ ಮೇಲೆ ಜೋರಾಗಿ ಕುದಿಸಿದರೆ ಒಡೆಯುತ್ತದೆ. ರೊಟ್ಟಿ ರಸವನ್ನು ಹೀರಿಕೊಳ್ಳುವುದರಿಂದ ಅಲ್ಲಿ ಸಾರು ಮುದ್ದೆಯ ಸಾರಿಗಿಂತಲೂ ಹೆಚ್ಚು ಬೇಕಾಗುತ್ತದೆ. ಉಳಿದ ಸಾರನ್ನು ರಾತ್ರಿಯೆಲ್ಲ ಹೊರಗಿಡದೆ, ಎರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಿ, ಮರುದಿನ ಬೇಕಾದಷ್ಟನ್ನು ಮಾತ್ರ ತೆಗೆದು ಕುದಿ ಬರುವಂತೆ ಕಾಯಿಸಿಕೊಳ್ಳಬೇಕು. ಬೆಳಗಿನ ದೋಸೆಗೆ ಅದು ಹಿಂದಿನ ದಿನಕ್ಕಿಂತ ಹೆಚ್ಚು ರುಚಿ.